ಅಪ್ಪನ ರಜೆ, ಚಿಕ್ಕಪ್ಪನ ವಾದ

ಈಗ ಸಂಜೆ ಟೀವಿ ಹಾಕಿದರೆ ಎಂಟು ಚೌಕಗಳಲ್ಲಿ ಎಂಟು ಮುಖಗಳು ಕೂತು ದೇಶ ಕಾಯುತ್ತವೆ. ಡ್ರೋನ್ ಇರುವಾಗ ಕಾಲಾಳು ಯಾಕೆ ಅನ್ನುತ್ತಾರೆ ಒಬ್ಬರು. ಹುಡುಗರನ್ನು ನಾಲ್ಕೇ ವರ್ಷಕ್ಕೆ ಸೇರಿಸಿಕೊಂಡು ಮನೆಗೆ ಕಳಿಸಿದರೆ ಅದು ಸೈನ್ಯವೋ ಟ್ರೈನಿಂಗ್ ಕ್ಯಾಂಪೋ ಎಂದು ಇನ್ನೊಬ್ಬರು ಮೇಜು ಗುದ್ದುತ್ತಾರೆ. ಮೂರನೆಯವರು, ಇಬ್ಬರಿಗೂ ದೇಶಭಕ್ತಿ ಸಾಲದು ಎಂದು ಅರಚುತ್ತಾರೆ. ನಾನು ವಾಲ್ಯೂಮ್ ತಗ್ಗಿಸಿ ಅವರ ಕೈಗಳನ್ನು ನೋಡುತ್ತಾ ಕೂರುತ್ತೇನೆ. ಎಲ್ಲರ ಕೈಯಲ್ಲೂ ಪೆನ್ನು. ನಮ್ಮ ಮನೆಯಲ್ಲಿ ದೇಶದ ರಕ್ಷಣೆಯ ಚರ್ಚೆ ನಡೆಯುತ್ತಿದ್ದದ್ದು ಎಂಜಲು ಕೈಯಲ್ಲಿ, ತಟ್ಟೆಯ ಸಾರು ತಣ್ಣಗಾಗಿ ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುವವರೆಗೆ. ಆ ಚರ್ಚೆ ಮಾಡುತ್ತಿದ್ದ ಇಬ್ಬರೂ ಈಗಿಲ್ಲ. ಟೀವಿಯವರು ಎಷ್ಟು ಕೂಗಿದರೂ ನನಗೆ ಮನೆ ಖಾಲಿ ಖಾಲಿ ಅನ್ನಿಸುತ್ತದೆ.

ಅಪ್ಪ ಸೈನ್ಯದಲ್ಲಿ ಹವಲ್ದಾರನಾಗಿದ್ದ. ವರ್ಷದಲ್ಲಿ ಹತ್ತು ತಿಂಗಳು ಉತ್ತರದ ಹಿಮದ ಬೆಟ್ಟಗಳಲ್ಲಿ, ಎರಡು ತಿಂಗಳು ತುಮಕೂರಿನ ನಮ್ಮ ಮನೆಯಲ್ಲಿ. ರೈಲ್ವೆ ಗೇಟಿನ ಆಚೆ, ಒಂದೇ ಅಚ್ಚಿನ ಮನೆಗಳು ಸಾಲಾಗಿದ್ದ ಬೀದಿಯಲ್ಲಿ ನಮ್ಮದು ಕೊನೆಯ ಮನೆ. ಮುಂದೆ ಹಾಲ್, ಅದರ ಪಕ್ಕಕ್ಕೊಂದು ರೂಮು, ಹಿಂದೆ ಅಡುಗೆಮನೆ, ಬಚ್ಚಲು, ಬಚ್ಚಲ ನೀರು ಕುಡಿದು ಬೆಳೆದ ಒಂದು ನುಗ್ಗೆಮರ. ಮಹಡಿಯ ಮೇಲೆ ಶೀಟು ಹೊದಿಸಿದ ಇನ್ನೊಂದು ರೂಮು, ಅದರಲ್ಲಿ ಚಿಕ್ಕಪ್ಪ. ಕೆಳಗಿನ ರೂಮು ಅಪ್ಪನದು. ಹತ್ತು ತಿಂಗಳು ಅದಕ್ಕೆ ಚಿಲಕ ಹಾಕಿರುತ್ತಿತ್ತು. ಅಜ್ಜಿ, ಅಮ್ಮ, ನಾನು ಮೂವರೂ ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಲಗಿದರೂ ಆ ರೂಮಿನ ಮಂಚವನ್ನು ಯಾರೂ ಮುಟ್ಟುತ್ತಿರಲಿಲ್ಲ. ಶುಕ್ರವಾರ ಅಮ್ಮ ಚಿಲಕ ತೆಗೆದು ಗುಡಿಸಿ, ಕಿಟಕಿ ಒರೆಸಿ, ಮತ್ತೆ ಹಾಕುತ್ತಿದ್ದಳು. ಅವಳು ಬಟ್ಟೆ ಒಗೆಯುವ ಹೊತ್ತು ನೋಡಿಕೊಂಡು ನಾನು ಒಳಗೆ ಹೋಗಿ, ಮಂಚದ ಎದುರು ನೆಲದ ಮೇಲೆ ಕೂತು, ಅಪ್ಪನಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಅಭ್ಯಾಸ ಮಾಡುತ್ತಿದ್ದೆ. ಸ್ಕೂಲಿನಲ್ಲಿ ಹಗ್ಗ ಹತ್ತಿದ್ದು, ಎದುರು ಮನೆಯವರ ನಾಯಿ ಸತ್ತದ್ದು, ಗಣಿತದ ಮೇಡಂ ನನ್ನ ಹೆಸರನ್ನೇ ಮರೆಯುವುದು. ಒಬ್ಬಳೇ ಮಗಳು ನಾನು, ಮನೆಯಲ್ಲಿ ನನ್ನ ವಾರಿಗೆಯವರು ಯಾರೂ ಇರಲಿಲ್ಲ. ಆ ಖಾಲಿ ಮಂಚ ನನ್ನ ಮಾತನ್ನು ಎಷ್ಟು ಕೇಳಿಸಿಕೊಂಡಿದೆಯೋ ಅಷ್ಟನ್ನು ಅಪ್ಪ ಯಾವತ್ತೂ ಕೇಳಿಸಿಕೊಳ್ಳಲಿಲ್ಲ.

ಯಾಕೆಂದರೆ ಅಪ್ಪ ಬಂದ ಕೂಡಲೇ ಅವನು ಚಿಕ್ಕಪ್ಪನ ಸ್ವತ್ತಾಗಿಬಿಡುತ್ತಿದ್ದ. ಚಿಕ್ಕಪ್ಪ ಅಪ್ಪನ ಒಬ್ಬನೇ ತಮ್ಮ, ಸರ್ಕಾರಿ ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದ, ಮದುವೆ ಅಂದರೆ ನಕ್ಕು ಮಹಡಿ ಹತ್ತುತ್ತಿದ್ದ. ಅಣ್ಣ ಇಲ್ಲದ ಹತ್ತು ತಿಂಗಳು ಅವನು ನನ್ನವನು. ಸಂಜೆ ಲೈಬ್ರರಿಗೆ ಹೋಗುವಾಗ ನನ್ನನ್ನೂ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಆದರೆ ಅಲ್ಲಿಯೂ ಅವನು ಓದುತ್ತಿದ್ದದ್ದು ಅಣ್ಣನಿಗೋಸ್ಕರ. ಸೈನ್ಯ, ಗಡಿ, ರಕ್ಷಣಾ ಇಲಾಖೆ ಎಂದು ಎಲ್ಲಿ ಕಂಡರೂ ಎರಡು ಸಲ ಓದಿ, ದಾರಿಯಲ್ಲಿ ಸೈಕಲ್ ತುಳಿಯುತ್ತಾ ನನಗೆ ಹೇಳಿ ಗಟ್ಟಿ ಮಾಡಿಕೊಳ್ಳುತ್ತಿದ್ದ. "ಈ ಸಲ ಅಣ್ಣ ಬರ್ಲಿ, ಇದುಕ್ಕೇನಂತಾನೆ ನೋಡೇಬಿಡಾಣ" ಎಂದು ಗಾಳಿಗೆ ಸವಾಲು ಹಾಕುತ್ತಿದ್ದ. ಅಪ್ಪನೂ ಅಷ್ಟೆ. ಅಷ್ಟು ದೂರದಿಂದ ರೈಲಿನಲ್ಲಿ ಬರುತ್ತಾ ಉತ್ತರಗಳನ್ನು ಕಟ್ಟಿಕೊಂಡೇ ಬರುತ್ತಿದ್ದ. ಸ್ಟೇಷನ್ನಿನಲ್ಲಿ ಟ್ರಂಕು ಕೆಳಗಿಟ್ಟು ನನ್ನ ತಲೆ ಮುಟ್ಟಿ, ಅಮ್ಮನ ಮುಖ ಒಂದು ಸಲ ನೋಡಿ, ಆಮೇಲೆ ತಮ್ಮನ ಹೆಗಲ ಮೇಲೆ ಕೈ ಹಾಕಿದನೆಂದರೆ ಮುಗಿಯಿತು.

"ಏನ್ಲಾ ಶಿವು, ಇನ್ನೂ ಬೆಟ್ಟ ಬಿಟ್ಟು ಇಳ್ದು ಬನ್ನಿ ಅಂತ್ಲೇ ಹೇಳ್ತಿದೀಯ?"

"ಇನ್ನೂ ಹತ್ಕೊಂಡೇ ಕೂತಿದೀರಲ್ಲಣ್ಣ, ಹೇಳ್ದೆ ಏನ್ ಮಾಡ್ಲಿ?"

ವಾದ ಸರಳವಾಗಿತ್ತು, ಹತ್ತು ವರ್ಷದ ನನಗೂ ಬಾಯಿಪಾಠವಾಗುವಷ್ಟು ಸರಳ. ಅಪ್ಪನ ಪ್ರಕಾರ ಬೆಟ್ಟದಲ್ಲಿ ಯಾರು ಮೇಲಿರುತ್ತಾರೋ ಅವರದ್ದೇ ಬೆಟ್ಟ. ಚಳಿಗಾಲದಲ್ಲಿ ಹಿಮ ಬೀಳುತ್ತದೆ, ಕಷ್ಟ ಆಗುತ್ತದೆ ಎಂದು ತುದಿಯ ಪೋಸ್ಟುಗಳನ್ನು ಬಿಟ್ಟು ಇಳಿದರೆ ಬೇಸಿಗೆಯಲ್ಲಿ ಅಲ್ಲಿ ಬೇರೆಯವರು ಕೂತಿರುತ್ತಾರೆ, ಆಗ ಕೆಳಗಿನಿಂದ ಹತ್ತಿ ಬಿಡಿಸಿಕೊಳ್ಳಬೇಕಾದರೆ ಎಷ್ಟು ಹೆಣ ಬೀಳುತ್ತವೆ ಗೊತ್ತಾ ಎನ್ನುವುದು ಅವನ ಮಾತು. ಚಿಕ್ಕಪ್ಪನ ಪ್ರಕಾರ ತುದಿಯಲ್ಲಿ ಯಾರೂ ಬಾಳುವುದಿಲ್ಲ. ಬರುವವನು ಹೇಗಿದ್ದರೂ ಕಣಿವೆ ದಾಟಿಯೇ ಬರಬೇಕು, ಆದ್ದರಿಂದ ಕಣಿವೆಯ ಬಾಯಿ ಕಾಯಬೇಕು, ಒಳ್ಳೆ ರಸ್ತೆ ಮಾಡಬೇಕು, ಮೇಲೆ ಏನಾಗುತ್ತಿದೆ ಎಂದು ನೋಡಲು ಯಂತ್ರ ಇಡಬೇಕು, ಆಚೆಯವರ ಜೊತೆ ಮಾತುಕತೆ ನಿಲ್ಲಿಸಬಾರದು. ಗುಂಡಿಗಿಂತ ಚಳಿಗೇ ಹೆಚ್ಚು ಜನ ಸಾಯುತ್ತಾರೆ ಎಂದಮೇಲೆ ಶತ್ರು ಯಾರು, ಚಳಿಯೋ ಆಚೆಯವರೋ ಎಂದು ಅವನು ಕೇಳುತ್ತಿದ್ದ. ಹಾಗಲವಾಡಿ ಕಡೆಯ ಹೊಲ ಗದ್ದೆಯಲ್ಲಿ ಬೆಳೆದು ಬಂದ ಅಜ್ಜಿ ಈ ವಿಷಯದಲ್ಲಿ ಪೂರಾ ದೊಡ್ಡ ಮಗನ ಕಡೆ.

"ಪಕ್ಕದ ಹೊಲ್ದೋನು ಬದ ಒಂದು ಗೇಣು ಒತ್ತಿದ್ರೆ ಸುಮ್ಕೆ ಬುಡು ಅಂದ್ರಲ್ಲ ನಿಮ್ಮಪ್ಪ, ಏನಾಯ್ತು? ಬ್ಯಾಸಾಯಕ್ಕೆ ಹೋದ್ರೆ ಅವ್ನು ನಮ್ಮ ಅರ್ಧ ಹೊಲ ಉತ್ತಿದ್ದ. ಬದಿನ ಮ್ಯಾಲೆ ಕೂತ್ಕೋಬೇಕು ಕಣ್ಲಾ ಶಿವು, ಮನೇಲ್ ಕೂತು ನ್ಯಾಯ ಹೇಳಿದ್ರೆ ಆಗಾಕಿಲ್ಲ."

"ಅವ್ವಾ, ಬದಿನ್ ಮೇಲೆ ರಾಗಿನಾದ್ರೂ ಬೆಳೀತದೆ. ಅಲ್ಲೇನ್ ಬೆಳೀತದೆ?"

"ಏನಾರ ಬೆಳೀಲಿ ಬುಡು, ನಮ್ದೋ ಅಲ್ವೋ?"

ಅಮ್ಮ ಮಾತ್ರ ಯಾರ ಕಡೆಯೂ ಇರಲಿಲ್ಲ. ರಕ್ಷಣಾ ನೀತಿಯಲ್ಲಿ ಅವಳಿಗೆ ಬೇಕಿದ್ದದ್ದು ಒಂದೇ, ಪೀಸ್ ಪೋಸ್ಟಿಂಗ್. ಯುದ್ಧವಿಲ್ಲದ ಯಾವುದಾದರೂ ಊರಿನ ಕಂಟೋನ್ಮೆಂಟಿನಲ್ಲಿ ಕ್ವಾರ್ಟರ್ಸ್ ಕೊಡುತ್ತಾರಂತೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬಹುದಂತೆ ಎಂದು ಅವಳು ಯಾರಿಂದಲೋ ಕೇಳಿದ್ದಳು. ಪ್ರತಿ ರಜೆಯಲ್ಲೂ ಒಂದು ಸಲ, ಅಪ್ಪನ ಬಟ್ಟೆ ಮಡಿಸುವಾಗ, ಅದನ್ನು ಎತ್ತುತ್ತಿದ್ದಳು. ಅಪ್ಪ "ನೋಡಾಣ, ಹೇಳಿದೀನಿ" ಎನ್ನುತ್ತಿದ್ದ. ಅಷ್ಟರಲ್ಲಿ ಮಹಡಿಯಿಂದ ಚಿಕ್ಕಪ್ಪ ಪೇಪರ್ ಹಿಡಿದುಕೊಂಡು ಇಳಿದಿರುತ್ತಿದ್ದ.

ಊಟದ ಹೊತ್ತೇ ಅವರ ಯುದ್ಧಭೂಮಿ. ಮಧ್ಯಾಹ್ನ ಹಾಲಿನಲ್ಲಿ ಇಬ್ಬರೂ ಎದುರುಬದುರು ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು, ಅಜ್ಜಿ ಗೋಡೆಗೆ ಒರಗಿ. ಅಮ್ಮ ಮುದ್ದೆ ಹಾಕಿದ ತಕ್ಷಣ ಅಪ್ಪನ ಕೈ ಅದರ ಮೇಲೆ ಹೋಗುತ್ತಿತ್ತು, ಮುರಿಯುವುದಕ್ಕಲ್ಲ, ತಿದ್ದುವುದಕ್ಕೆ. ಸೈನ್ಯದಲ್ಲಿ ಕಾರ್ಯಾಚರಣೆಗೆ ಮೊದಲು ಮರಳಿನಲ್ಲಿ ಬೆಟ್ಟ ಕಣಿವೆಗಳನ್ನು ಮಾಡಿ ಎಲ್ಲರಿಗೂ ತೋರಿಸುತ್ತಾರಂತೆ. ಅಪ್ಪ ಅದನ್ನು ಮುದ್ದೆಯಲ್ಲಿ ಮಾಡುತ್ತಿದ್ದ. ಹೆಬ್ಬೆರಳಿನಿಂದ ಒತ್ತಿ ಕಣಿವೆ ತೆಗೆದು, ತುದಿಯನ್ನು ಚೂಪು ಮಾಡಿ, ಸಾರು ಬಿಟ್ಟು ನದಿ ಹರಿಸಿ, ಸಾರಿನ ಕಾಳುಗಳನ್ನು ಎತ್ತಿ ಅಲ್ಲಲ್ಲಿ ಪೋಸ್ಟು ಇಡುತ್ತಿದ್ದ. ಚಿಕ್ಕಪ್ಪ ತನ್ನ ತಟ್ಟೆಯ ಕಾಳುಗಳನ್ನು ಕಣಿವೆಯ ಬಾಯಿಗೆ ತಂದು ನಿಲ್ಲಿಸುತ್ತಿದ್ದ. ಚಿಕ್ಕಂದಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರಾದ್ದರಿಂದ ಎಂಜಲೆನ್ನುವ ಅಡ್ಡಿ ಅವರ ನಡುವೆ ಇರಲಿಲ್ಲ. ಉಪ್ಪೆಷ್ಟಿದೆ ಎಂದು ಅಮ್ಮ ಕೇಳಿದರೆ ಇಬ್ಬರಿಗೂ ಗೊತ್ತಿರುತ್ತಿರಲಿಲ್ಲ. ನಾನು ನೀರಿನ ಲೋಟ ಹಿಡಿದು ಪಕ್ಕದಲ್ಲಿ ನಿಂತಿರುತ್ತಿದ್ದೆ.

"ಅಪ್ಪಾ, ನಾನು ಹಗ್ಗ ಹತ್ತಿದೆ, ಸ್ಕೂಲಲ್ಲಿ ಎಲ್ಲಾರ್ಗಿಂತ..."

"ತಡಿ ಮಗ, ಇದೊಂದು ಮುಗೀಲಿ. ಏನಂದೆ ಶಿವು? ಹಿಮ ಬಿದ್ದಾಗ ಈ ದಾರಿ ಮುಚ್ಚೋಗ್ತದೆ ಅಂದ್ಯಾ? ಸರಿ, ಮುಚ್ಚೋಗ್ಲಿ. ಆಗ..."

ಆ ಒಂದು ಯಾವ ರಜೆಯಲ್ಲೂ ಮುಗಿಯಲಿಲ್ಲ. ಒಮ್ಮೆ ನಾನು, ಆ ಮುದ್ದೆಯಲ್ಲಿ ನಮ್ಮ ಮನೆ ಎಲ್ಲಿದೆ ಎಂದು ಕೇಳಿದೆ. ಅಪ್ಪ ತಟ್ಟೆ ನೋಡಿ, ನೆಲ ನೋಡಿ, ಬಾಗಿಲ ಕಡೆ ಕೈ ತೋರಿಸಿದ. "ಅದು ಭಾಳ ದೂರ ಕಣೆ. ರೋಡಿನಾಚೆ, ಆ ಲೈಟ್‌ಕಂಬ ಐತಲ್ಲ, ಅಲ್ಲೆಲ್ಲೋ ಬರ್ತದೆ." ಇಬ್ಬರೂ ನಕ್ಕರು. ನನಗೆ ಅಳು ಬಂತು, ನೀರು ತರುವ ನೆಪದಲ್ಲಿ ಒಳಗೆ ಹೋದೆ. ನನ್ನ ಅಪ್ಪ ಕಾಯುತ್ತಿದ್ದ ದೇಶದಿಂದ ನಾನು ಅಷ್ಟು ಹೊರಗಿದ್ದೆ ಎಂದು ಅವತ್ತು ತುಂಬ ಬೇಜಾರಾಗಿತ್ತು. ಆದರೆ ಒಂದು ಮಾತು ಹೇಳಬೇಕು. ಅಪ್ಪ ಬಾಯಿ ತುಂಬ ಮಾತಾಡುತ್ತಿದ್ದದ್ದು, ಕಣ್ಣು ಹೊಳೆಯುತ್ತಿದ್ದದ್ದು ಆಗ ಮಾತ್ರ. ಅದಕ್ಕೇ ಎಷ್ಟು ಸಿಟ್ಟಿದ್ದರೂ ನಾನು ಅಲ್ಲಿಂದ ಕದಲುತ್ತಿರಲಿಲ್ಲ.

ಅದು ಅವರೆಕಾಯಿಯ ಕಾಲ. ಆ ಸಲ ಅಪ್ಪ ಬಂದಾಗಲೇ ಸೊರಗಿದ್ದ, ತುಟಿ ಒಡೆದು ಕಪ್ಪಾಗಿತ್ತು, ಬಂದ ಮೊದಲ ದಿನಗಳು ಬರೀ ನಿದ್ದೆ ಮಾಡಿದ. ಚಿಕ್ಕಪ್ಪ ಕಾದೂ ಕಾದೂ ಸಾಕಾಗಿ ತಾನೇ ವಾದ ತೆಗೆದ. ಅಮ್ಮ ಬೆಳಗಿನಿಂದ ಕೂತು ಸಿಪ್ಪೆ ಹಿಸುಕಿ ಹಿತಕಿದ ಬೇಳೆಯ ಸಾರು ಮಾಡಿದ್ದಳು. ಅಪ್ಪ ಎಂದಿನಂತೆ ಮುದ್ದೆಗೆ ಬೆಟ್ಟದ ರೂಪ ಕೊಟ್ಟ, ಆದರೆ ನಿಧಾನವಾಗಿ. ತುದಿಯಲ್ಲಿ ಒಂದೇ ಒಂದು ಬೇಳೆ ಇಟ್ಟ. ಈ ಪೋಸ್ಟಿಗೆ ಹೋಗುವುದಕ್ಕೆ ಹಗ್ಗ ಹಿಡಿದು ಹತ್ತಬೇಕು, ಇಲ್ಲಿಂದ ಆಚೆಯ ಇಡೀ ದಾರಿ ಕಾಣುತ್ತದೆ, ಇದನ್ನು ಬಿಟ್ಟರೆ ಕೆಳಗಿನ ಯಾವುದೂ ನಿಲ್ಲುವುದಿಲ್ಲ ಎಂದು ಹೇಳುತ್ತಾ ಹೋದ. ಚಿಕ್ಕಪ್ಪ ತಲೆ ಅಲ್ಲಾಡಿಸುತ್ತಾ ಕೇಳಿದ. ಆಮೇಲೆ ಕೈ ಚಾಚಿ, ಅಪ್ಪನ ಮುದ್ದೆಯ ತುದಿಯಿಂದ ಆ ಬೇಳೆಯನ್ನು ಎರಡು ಬೆರಳಲ್ಲಿ ಎತ್ತಿ, ಬಾಯಿಗೆ ಹಾಕಿಕೊಂಡು ನಕ್ಕ.

"ಇಷ್ಟೇ ಕಣಣ್ಣ ನಿನ್ನ ಪೋಸ್ಟು. ಹೋಯ್ತು. ಈಗೇನಾಯ್ತು ಹೇಳು? ಬೆಟ್ಟ ಹಂಗೇ ಇದೆ."

ಅಜ್ಜಿ ನಕ್ಕಳು, ನಾನೂ ನಕ್ಕೆ. ಅಪ್ಪ ನಗಲಿಲ್ಲ. ಬೇಳೆಯಿದ್ದ ಜಾಗವನ್ನೇ ನೋಡಿದ. ಆಮೇಲೆ ಎಡಗೈ ನೆಲಕ್ಕೂರಿ ಎದ್ದ. ಒಂದು ತುತ್ತೂ ಮುಟ್ಟಿರಲಿಲ್ಲ. ನಮ್ಮ ಮನೆಯಲ್ಲಿ ಯಾರೂ ತಟ್ಟೆ ಬಿಟ್ಟು ಎದ್ದವರಲ್ಲ, ಎಷ್ಟೇ ಜಗಳವಾದರೂ ಉಂಡು ಎದ್ದು ಆಮೇಲೆ ಮುಖ ತಿರುಗಿಸುವುದು. ಅಜ್ಜಿ "ಅನ್ನ ಬುಟ್ಟು ಏಳ್ಬ್ಯಾಡ ಕಣ್ಲಾ" ಎಂದು ಕೂಗಿದಳು. ಅಪ್ಪ ಕೈ ತೊಳೆದು, ಚಪ್ಪಲಿ ಮೆಟ್ಟಿ ಹೊರಗೆ ಹೋದ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಶಿವು, ಅದೇ ಪೋಸ್ಟಲ್ಲಿ ಸೆಲ್ವಂ ಹೋದ್ರು. ಹಿಮ ಕುಸಿದು. ಇವ್ರು ಕೆಳಗಿದ್ರಂತೆ, ಅಗೆದು ತೆಗೆದಿದ್ದು ಇವ್ರೇ. ನಿಮಗ್ಯಾರ್ಗೂ ಹೇಳ್ಬೇಡ ಅಂದಿದ್ರು."

ಸೆಲ್ವಂ ಅಂದರೆ ಸೇಲಂ ಕಡೆಯವನು, ಅಪ್ಪನ ಜೊತೆಗಾರ. ಹಾಲಿನ ಗೋಡೆಯ ಮೇಲಿದ್ದ ಫೋಟೋದಲ್ಲಿ ಅಪ್ಪನ ಪಕ್ಕ ನಿಂತಿದ್ದವನು ಅವನೇ. ಒಂದು ಸಲ ಬೆಂಗಳೂರಿಗೆ ಬಂದವನು ನಮ್ಮನೆಗೂ ಬಂದು, ಅಜ್ಜಿಯ ಕಾಲು ಮುಟ್ಟಿ, ಮುದ್ದೆ ನುಂಗಲು ಬರದೆ ಅಗಿದು ಎಲ್ಲರನ್ನೂ ನಗಿಸಿ ಹೋಗಿದ್ದ. ಚಿಕ್ಕಪ್ಪ ಎಂಜಲು ಕೈ ಹಾಗೇ ಹಿಡಿದುಕೊಂಡು ಕೂತುಬಿಟ್ಟ. ಕೈ ಒಣಗಿ ಬಿರಿದರೂ ಏಳಲಿಲ್ಲ. ಸಂಜೆ ಅಪ್ಪ ಬಂದಾಗ ಗೇಟಿನ ಹತ್ತಿರವೇ ಹೋಗಿ, "ಅಣ್ಣಾ, ನಂಗೆ ಗೊತ್ತಿರ್ಲಿಲ್ಲ ಕಣಣ್ಣ" ಎಂದ. ಅಪ್ಪ "ಬಿಡು ಶಿವು" ಎಂದ. ಬೈದಿದ್ದರೆ, ಎರಡು ಬಾರಿಸಿದ್ದರೆ ಮುಗಿದುಹೋಗುತ್ತಿತ್ತೇನೋ. ಬಿಡು ಅಂದಮೇಲೆ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ. ಮಾರನೆಯ ದಿನದಿಂದ ಅಪ್ಪ ರೂಮಿಗೇ ತಟ್ಟೆ ತರಿಸಿಕೊಳ್ಳತೊಡಗಿದ. ರಜೆ ಮುಗಿಯುವವರೆಗೂ ಅಣ್ಣ ತಮ್ಮಂದಿರು ಎದುರುಬದುರು ಕೂರಲಿಲ್ಲ.

ಅಪ್ಪ ಡ್ಯೂಟಿಗೆ ವಾಪಸ್ ಹೋದ ಮೇಲೆ ಚಿಕ್ಕಪ್ಪ ಕುಣಿಗಲ್ ಕಾಲೇಜಿಗೆ ವರ್ಗ ಮಾಡಿಸಿಕೊಂಡ. ದಿನಾ ಬಸ್ಸಿನಲ್ಲಿ ಹೋಗಿ ಬರಬಹುದಾದಷ್ಟೇ ದೂರ, ಎಷ್ಟೋ ಮೇಷ್ಟ್ರುಗಳು ಹಾಗೇ ಮಾಡುತ್ತಿದ್ದರು. ಅವನು ಅಲ್ಲೇ ಮನೆ ಹಿಡಿದ. ಪೆಟ್ಟಿಗೆ, ಪುಸ್ತಕ, ಹಾಸಿಗೆ ಎಲ್ಲ ಒಂದು ಲಗೇಜ್ ಆಟೋದಲ್ಲಿ ಹೊರಟವು, ಸೈಕಲ್ಲೂ ಅದರ ಮೇಲೆ ಅಡ್ಡ ಮಲಗಿತು. "ರಜಾದಲ್ಲಿ ಬಾರೆ ಪುಟ್ಟಿ, ಕೆರೆ ತೋರಿಸ್ತೀನಿ" ಎಂದ. ಆ ಹತ್ತು ತಿಂಗಳಷ್ಟು ಉದ್ದದ ಕಾಲವನ್ನು ನಾನು ಮತ್ತೆ ಕಂಡಿಲ್ಲ. ಮೊದಲು ಅಪ್ಪ ಮಾತ್ರ ಇರುತ್ತಿರಲಿಲ್ಲ, ಈಗ ಚಿಕ್ಕಪ್ಪನೂ ಇಲ್ಲ. ಶೀಟಿನ ರೂಮಿಗೂ ಚಿಲಕ ಬಿತ್ತು. ಅಜ್ಜಿ ಬೇಗ ಮಲಗುತ್ತಿದ್ದಳು, ಅಮ್ಮ ಹೊಲಿಗೆ ಮಿಷಿನ್ನಿನ ಮುಂದೆ ಕೂತರೆ ತಲೆ ಎತ್ತುತ್ತಿರಲಿಲ್ಲ. ಸಂಜೆ ಸ್ಕೂಲಿನಿಂದ ಬಂದು ಮೆಟ್ಟಿಲ ಮೇಲೆ ಕೂತು ನಾನು ಅವರಿಬ್ಬರ ವಾದವನ್ನು ನನ್ನೊಳಗೇ ನಡೆಸುತ್ತಿದ್ದೆ. ಅಪ್ಪನ ಮಾತನ್ನು ಅಪ್ಪನ ದನಿಯಲ್ಲಿ, ಚಿಕ್ಕಪ್ಪನ ಮಾತನ್ನು ಚಿಕ್ಕಪ್ಪನ ದನಿಯಲ್ಲಿ. ಬೇರೆ ಹುಡುಗಿಯರು ಗೊಂಬೆಗೆ ಮದುವೆ ಮಾಡುವ ವಯಸ್ಸಿನಲ್ಲಿ ನಾನು ಗಡಿಯ ಮೇಲೆ ಸೇನೆ ನಿಲ್ಲಿಸುತ್ತಿದ್ದೆ, ತೆಗೆಯುತ್ತಿದ್ದೆ. ಮನೆಯಲ್ಲಿ ಗಂಡಸರ ದನಿ ಕೇಳಬೇಕಾದರೆ ನನಗೆ ಇದ್ದದ್ದು ಅದೊಂದೇ ದಾರಿ.

ಮುಂದಿನ ರಜೆಗೆ ಅಪ್ಪ ಬಂದ. ಸ್ಟೇಷನ್ನಿನಲ್ಲಿ ಹೆಗಲಿಗೆ ಕೈ ಹಾಕಲು ಯಾರೂ ಇರಲಿಲ್ಲವಾದ್ದರಿಂದ ಟ್ರಂಕನ್ನು ತಾನೇ ಹೊತ್ತುಕೊಂಡ. ಈ ಸಲ ಅಪ್ಪ ನನ್ನವನು ಎಂದು ನಾನು ಒಳಗೊಳಗೇ ಕುಣಿಯುತ್ತಿದ್ದೆ. ಊಟಕ್ಕೆ ಕೂತಾಗ ಅಡ್ಡ ಬರುವವರಿಲ್ಲ. ನಾನು ಹಗ್ಗ ಹತ್ತಿದ್ದು ಹೇಳಿದೆ, ನಾಯಿ ಸತ್ತದ್ದು ಹೇಳಿದೆ, ಮೇಡಂ ಹೆಸರು ಮರೆಯುವುದನ್ನು ನಟನೆ ಮಾಡಿ ತೋರಿಸಿದೆ. ಅಪ್ಪ "ಹೂಂ" ಅಂದ. "ಒಳ್ಳೇದಾಯ್ತು ಮಗ" ಅಂದ. ಮುದ್ದೆಯನ್ನು ಮುರಿದು, ಅದ್ದಿ, ನುಂಗಿ ಎದ್ದ. ಅಷ್ಟೇ. ವರ್ಷಗಟ್ಟಲೆ ಕೂಡಿಟ್ಟುಕೊಂಡಿದ್ದ ಮಾತೆಲ್ಲ ಒಂದು ಊಟಕ್ಕೆ ಮುಗಿದುಹೋಯಿತು, ಅಪ್ಪನ ಕಣ್ಣು ಒಂದು ಸಲವೂ ಹೊಳೆಯಲಿಲ್ಲ. ಹೀಗೆ ಒಂದು ವಾರ. ಅವನು ಹಾಲಿನಲ್ಲಿ ಕೂತು ಪೇಪರ್ ಓದುತ್ತಿದ್ದ. ನಡುನಡುವೆ ತಲೆಯೆತ್ತದೆ, "ಅಲ್ಲಿ ಜನ ಕಡ್ಮೆ ಮಾಡ್ತಾರಂತೆ, ತಲೆ ಕೆಟ್ಟಿದೆ ಇವ್ರಿಗೆ" ಎಂದು ಜೋರಾಗಿ ಹೇಳಿ, ಸ್ವಲ್ಪ ಹೊತ್ತು ಕಾದು, ಹಾಳೆ ತಿರುಗಿಸುತ್ತಿದ್ದ. ಅವನು ಯಾತಕ್ಕೆ ಕಾಯುತ್ತಿದ್ದಾನೆ ಎಂದು ನನಗೆ ತಿಳಿಯಿತು. ಅಮ್ಮನಿಗೂ ತಿಳಿದಿರಬೇಕು, ಅವಳು ಮಿಷಿನ್ ನಿಲ್ಲಿಸಿ ನನ್ನ ಕಡೆ ನೋಡಿದಳು.

"ಯಾಕಪ್ಪಾ? ಕಡ್ಮೆ ಮಾಡಿದ್ರೆ ತಪ್ಪೇನು? ತುದೀಲಿ ಕೂತ್ಕೊಂಡು ಏನ್ ಮಾಡ್ಬೇಕು, ಬರೋನು ಕಣಿವೆ ದಾಟ್ಕೊಂಡೇ ತಾನೆ ಬರ್ಬೇಕು?"

ಪೇಪರ್ ಕೆಳಗಿಳಿಯಿತು. ಅಪ್ಪ ನನ್ನನ್ನು ನೋಡಿದ. ತಲೆಯಿಂದ ಕಾಲಿನವರೆಗೆ, ಯಾರಿವಳು ಎನ್ನುವಂತೆ ನೋಡಿದ.

"ಏನಂದೆ?"

"ಕಣಿವೆ ಕಾದ್ರೆ ಸಾಕು ಅಂದೆ. ರಸ್ತೆ ಚೆನ್ನಾಗಿ ಮಾಡಿದ್ರೆ ಬೇಕಾದಾಗ ಹೋಗ್ಬಹುದು."

"ಬಾ ಇಲ್ಲಿ. ಕೂತ್ಕೋ. ಎದುರ್ಗೆ ಕೂತ್ಕೋ."

ಅವತ್ತು ಶುರುವಾದದ್ದು ಇವತ್ತಿನವರೆಗೂ ನನ್ನನ್ನು ಬಿಟ್ಟಿಲ್ಲ. ಈಗ ನಾನು ತುಮಕೂರಿನ ಕೋರ್ಟಿನಲ್ಲಿ ವಕೀಲಿಕೆ ಮಾಡುತ್ತೇನೆ. ಜಗಳಗಂಟಿ ಎಂದು ಹಿಂದಿನಿಂದ ಅನ್ನುವವರಿದ್ದಾರೆ, ಅನ್ನಲಿ. ಯಾರಾದರೂ ನನಗೆ ಇಷ್ಟವಾದರೆ ನಾನು ಮೊದಲು ಅವರ ಮಾತಿಗೆ ಅಡ್ಡ ಹೋಗುತ್ತೇನೆ. ಹೂಂಗುಟ್ಟುವವರ ಮನೆಯಲ್ಲಿ ನನಗೆ ಉಸಿರು ಕಟ್ಟುತ್ತದೆ. ಆ ರಜೆಯಲ್ಲಿ ಅಪ್ಪ ನನ್ನೊಂದಿಗೆ ಮಾತಾಡಿದಷ್ಟು ಬೇರೆ ಯಾವಾಗಲೂ ಮಾತಾಡಲಿಲ್ಲ. ಚಳಿಗೆ ಬಂದೂಕು ಹೇಗೆ ಕಚ್ಚಿಕೊಳ್ಳುತ್ತದೆ, ಹೆಲಿಕಾಪ್ಟರ್ ಎಷ್ಟೆತ್ತರದ ಮೇಲೆ ಏದುಸಿರು ಬಿಡುತ್ತದೆ, ಯಂತ್ರದ ಕಣ್ಣಿಗೆ ಮಂಜು ಕವಿದರೆ ಯಾರು ಒರೆಸಬೇಕು, ಎಲ್ಲ ಹೇಳಿದ. ನಾನು ಚಿಕ್ಕಪ್ಪನ ಒಂದೊಂದೇ ಮಾತನ್ನು ಎತ್ತಿ ಎತ್ತಿ ಎಸೆದೆ. ಅಪ್ಪ ತೊಡೆ ತಟ್ಟಿ ನಕ್ಕ, ಸಿಟ್ಟು ಮಾಡಿಕೊಂಡ, ಎದ್ದು ಓಡಾಡಿದ. ನನಗೆ ಸುಖವಾಗಿತ್ತು. ಆದರೆ ಆ ಸುಖದ ಒಳಗೇ ಒಂದು ಮುಳ್ಳಿತ್ತು. ಅಪ್ಪ ಮಾತಾಡುತ್ತಿದ್ದದ್ದು ನನ್ನ ಜೊತೆಯಲ್ಲ, ಎದುರಿಗಿದ್ದ ಖಾಲಿ ಜಾಗದ ಜೊತೆ. ನಾನು ಆ ಜಾಗಕ್ಕೆ ಅಳತೆಗೆ ಸರಿಯಾಗಿ ಕೂತಿದ್ದೆ.

ರಜೆ ಮುಗಿಯಲು ಒಂದು ವಾರವಿದ್ದಾಗ ಒಂದು ಭಾನುವಾರ ಅಪ್ಪ ಇದ್ದಕ್ಕಿದ್ದಂತೆ ಇಸ್ತ್ರಿ ಶರ್ಟು ಹಾಕಿಕೊಂಡು, "ಬಾ, ಕುಣಿಗಲ್‌ಗೆ ಹೋಗ್ಬರಾಣ" ಎಂದ. ಅಮ್ಮ ಏನೂ ಕೇಳದೆ ಒಂದು ಡಬ್ಬಿಗೆ ಚಕ್ಕುಲಿ ತುಂಬಿಕೊಟ್ಟಳು. ಚಿಕ್ಕಪ್ಪನ ಮನೆ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಒಂದು ರೂಮು, ಒಂದು ಅಡುಗೆಮನೆ. ಬಾಗಿಲು ತೆಗೆದವನು ನಮ್ಮನ್ನು ನೋಡಿ ಲುಂಗಿ ಇಳಿಬಿಟ್ಟು, "ಬಾರಣ್ಣ, ಬಾ" ಎಂದು ಗಾಬರಿಯಲ್ಲಿ ಕುರ್ಚಿಯ ಮೇಲಿನ ಬಟ್ಟೆ ಎತ್ತಿದ. ಅಪ್ಪ "ಸೊರಗಿದೀಯಲ್ಲೋ" ಎಂದ. ಚಿಕ್ಕಪ್ಪ ಹೋಟೆಲಿನಿಂದ ಊಟ ತಂದ. ಮೂವರೂ ನೆಲದ ಮೇಲೆ ಕೂತೆವು. ಕೆರೆಗೆ ನೀರು ಬಂದ ವಿಷಯ ಮಾತಾಡಿದರು, ಬಸ್ಸಿನ ರಶ್ಶು, ಅಜ್ಜಿಯ ಮಂಡಿನೋವು. ಇಬ್ಬರೂ ಎಷ್ಟು ಹುಷಾರಾಗಿದ್ದರು ಎಂದರೆ ಒಬ್ಬರ ಮಾತು ಪೂರ್ತಿ ಮುಗಿದ ಮೇಲೇ ಇನ್ನೊಬ್ಬರು ಬಾಯಿ ತೆರೆಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಚಿಕ್ಕಪ್ಪಾ, ತುದಿ ಬಿಟ್ರೆ ಕಣಿವೆನೂ ಹೋಯ್ತು ಅಂತಾನೆ ಅಪ್ಪ. ನೀನೇನಂತೀಯ?"

ಅಪ್ಪನ ಕೈ ತಟ್ಟೆಯ ಮೇಲೆ ನಿಂತಿತು. ಅವನು ತಮ್ಮನ ಬಾಯನ್ನೇ ನೋಡುತ್ತಿದ್ದ. ಆ ಮುಖದಲ್ಲಿ ಎಷ್ಟು ಆಸೆಯಿತ್ತೆಂದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಅದೇ ಮುಖ ಹೊತ್ತುಕೊಂಡು ನಾನು ಎಷ್ಟೋ ಊಟದ ಹೊತ್ತು ಅವನ ಪಕ್ಕ ನಿಂತಿದ್ದೆ. ಚಿಕ್ಕಪ್ಪ ತಟ್ಟೆ ನೋಡುತ್ತಾ ಅನ್ನ ಕಲಸಿದ.

"ಅಲ್ಲಿರೋದು ಅಣ್ಣ ಕಣೆ. ಅಣ್ಣ ಹೇಳಿದ್ಮೇಲೆ ಸರಿನೇ ಇರ್ತದೆ. ನಂಗೇನ್ ಗೊತ್ತು?"

"ಹಂಗಲ್ಲ ಶಿವು, ನೀನು ಹೇಳ್ತಿದ್ದೆಯಲ್ಲ..." ಅಪ್ಪ ತಡವರಿಸಿದ. "ರಸ್ತೆ ವಿಷ್ಯ. ಅದ್ರಲ್ಲಿ ಸ್ವಲ್ಪ ಸತ್ಯ ಐತೆ ಅಂತ ನನಗೂ..."

"ಬಿಡಣ್ಣ. ಪೇಪರ್ ಓದ್ಕೊಂಡು ಮಾತಾಡೋದು ಅದೆಲ್ಲ. ಮಜ್ಜಿಗೆ ಹಾಕ್ಲಾ?"

ಅಪ್ಪ ಮಜ್ಜಿಗೆ ಹಾಕಿಸಿಕೊಂಡ. ಅಣ್ಣತಮ್ಮಂದಿರು ರಾಜಿಯಾದರೆಂದು ಊರಿಗೆಲ್ಲ ಹೇಳಿಕೊಂಡು ಅಜ್ಜಿ ಆಮೇಲೆ ಸಕ್ಕರೆ ಹಂಚಿದಳು. ಕೊನೆಯವರೆಗೂ ಅವರು ಹಾಗೇ ಇದ್ದರು, ಹಬ್ಬಕ್ಕೆ ಬಂದು ಹೋಗುತ್ತಾ, ಬೇಕಾ ಸಾಕಾ ಕೇಳುತ್ತಾ. ಗೌರವ ಕೊಟ್ಟೇ ಚಿಕ್ಕಪ್ಪ ಅಪ್ಪನನ್ನು ಒಂಟಿ ಮಾಡಿದ ಎಂದು ನಾನು ಹೇಳಿದರೆ ಯಾರೂ ಒಪ್ಪುವುದಿಲ್ಲ. ನಾನು ಅಲ್ಲಿದ್ದೆ, ಅಪ್ಪನ ಮ್ಲಾನವಾದ ಮುಖ ನೋಡಿದ್ದೇನೆ.

ವಾಪಸ್ ಬಸ್ಸಿಗೆ ಇನ್ನೂ ಹೊತ್ತಿತ್ತು. ಅಪ್ಪ ನನ್ನನ್ನು ಕೆರೆ ಏರಿಯ ಮೇಲೆ ಕರೆದುಕೊಂಡು ಹೋದ. ಏರಿಯ ಕಲ್ಲಿನ ಮೇಲೆ ಇಬ್ಬರೂ ಕಾಲು ಇಳಿಬಿಟ್ಟು ಕೂತೆವು. ನೀರು ಕಣ್ಣು ಹಾಯುವವರೆಗೂ ಇತ್ತು. ಅಪ್ಪ ಊರಿನ ಕಡೆ ಕೈ ತೋರಿಸಿ, ಅಲ್ಲೊಂದು ಕುದುರೆ ಫಾರಂ ಇದೆ, ಹಿಂದಿನ ಕಾಲದಲ್ಲಿ ಸೈನ್ಯಕ್ಕೆ ಅಲ್ಲಿಂದ ಕುದುರೆ ಹೋಗುತ್ತಿದ್ದವು ಎಂದ.

"ಈಗ ಹೋಗ್ತಾವಾ?"

"ಇಲ್ಲ. ಈಗ ರೇಸಿಗೆ ಹೋಗ್ತಾವೆ."

"ಅಂದ್ರೆ ಕುದುರೆ ಇಲ್ದಿದ್ರೂ ಸೈನ್ಯ ನಡೀತು. ಹಂಗೇ ಬೆಟ್ಟದ ಮೇಲೆ ಜನ ಇಲ್ದಿದ್ರೂ ನಡೀಬಹುದಲ್ಲ?"

ಚಿಕ್ಕಪ್ಪನಿಗೆ ಹೊಳೆಯದ ಮಾತು ಅದು, ನನ್ನದೇ. ಅಪ್ಪ ನನ್ನ ಕಡೆ ತಿರುಗಿದ. ಮುಖಕ್ಕೆ ಸ್ವಲ್ಪ ಕಳೆ ಬಂತು. ಕುದುರೆಯ ಜಾಗಕ್ಕೆ ಟ್ರಕ್ಕು ಬಂತು ಕಣೆ, ಮನುಷ್ಯನ ಜಾಗಕ್ಕೆ ಏನು ಬರ್ತದೆ ಎಂದು ಶುರು ಮಾಡಿದ. ಒಂದು ಪೋಸ್ಟು ಅಂದರೆ ಕಾವಲಿಗೆ ಜನ ಬೇಕು, ಅಡುಗೆಗೆ ಬೇಕು, ಹಿಮ ಎತ್ತಲು ಬೇಕು, ಒಬ್ಬ ಕಾಯಿಲೆ ಬಿದ್ದರೆ ಹೊತ್ತು ಇಳಿಸಲು ಬೇಕು ಎಂದು ಬೆರಳು ಮಡಿಸುತ್ತಾ ಹೋದ. ನಾನು ಆ ಬೆರಳುಗಳನ್ನು ನೋಡುತ್ತಾ ಕೂತಿದ್ದೆ. ಯಾವ ಪೇಪರಿನಲ್ಲೂ ಓದದ, ಯಾರೂ ಹೇಳಿಕೊಡದ ಒಂದು ಪ್ರಶ್ನೆ ಕೇಳಿದೆ.

"ಅದ್ರಲ್ಲಿ ಒಬ್ಬ ಕಡ್ಮೆ ಆದ್ರೆ ಏನಾಗುತ್ತೆ ಅಪ್ಪಾ?"

"ಒಬ್ಬ ಅಂದ್ರೆ, ಉಳಿದೋರ್ಗೆ ಡ್ಯೂಟಿ ಜಾಸ್ತಿ ಆಗ್ತದೆ, ನಿದ್ದೆ ಕಡ್ಮೆ ಆಗ್ತದೆ, ಆಮೇಲೆ..."

ಅಪ್ಪ ಮಡಿಸಿದ ಬೆರಳುಗಳನ್ನು ಬಿಡಿಸದೆ ನನ್ನನ್ನು ನೋಡಿದ. ಚಿಕ್ಕಪ್ಪನ ಜಾಗದಲ್ಲಿ ಕೂತವಳನ್ನಲ್ಲ, ನನ್ನನ್ನು.

"ಏನೂ ಆಗಲ್ಲ ಮಗ" ಎಂದ. "ಇನ್ನೊಬ್ಬ ಬರ್ತಾನೆ. ಅಲ್ಲಿ ಏನೂ ಆಗಲ್ಲ."

ಅಪ್ಪ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಹಾಗಾದರೆ ಯಾಕೆ ಹೋಗುತ್ತೀಯ ಎಂದು ಕೇಳಬಹುದಿತ್ತು, ಕೇಳಲಿಲ್ಲ. ಅವನು ನನ್ನ ಕೈ ಹಿಡಿದುಕೊಂಡ. ಬಸ್ ಸ್ಟ್ಯಾಂಡಿನವರೆಗೂ ಹಿಡಿದೇ ಇದ್ದ, ಬಸ್ಸಿನಲ್ಲೂ ಬಿಡಲಿಲ್ಲ. ದೇಶದ ರಕ್ಷಣೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಅಪ್ಪನನ್ನು ಸೋಲಿಸಿದವಳು ನಾನೊಬ್ಬಳೇ. ಸೋತ ಅಪ್ಪ ಮುಂದಿನ ವಾರ ಟ್ರಂಕು ಹೊತ್ತುಕೊಂಡು ರೈಲು ಹತ್ತಿದ. ಗೆದ್ದ ನಾನು ಮನೆಯಲ್ಲಿ ಉಳಿದೆ.